ಚಿಂದಿ ಬೆಂಕಿಯ ಬಿಸಿನೀರು

ನಾನು ಕಾಯಿಲೆ ಬಿದ್ದ ಒಂದೂವರೆ ವರ್ಷದಲ್ಲಿ ನನ್ನ ಹೆಂಡತಿ ಸುಂಕಮ್ಮ ಏಳು ಮಂದಿ ಡಾಕ್ಟರರ ಮುಂದೆ ಒಂದೇ ಮಾತು ಹೇಳಿದಳು.

"ನಮ್ಮನಿಯವ್ರಿಗೆ ಒಂದ್ ಚಟ ಇಲ್ರಿ ಸಾರ್. ಬೀಡಿ ಇಲ್ಲ, ಕುಡಿಯೋದಿಲ್ಲ, ಎಲಿ-ಅಡಕಿ ಸೈತ ಇಲ್ಲ. ದುಡಿಯೋದೊಂದ ಚಟ."

ಹೀಗೆ ಹೇಳುವಾಗ ಅವಳ ಕೊರಳು ಒಂದು ಬೆರಳಿನಷ್ಟು ಉದ್ದವಾಗುತ್ತಿತ್ತು. ಡಾಕ್ಟರರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಆ ಮಾತು ಸುಳ್ಳೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ಸುಂಕಮ್ಮ ಸುಳ್ಳು ಹೇಳುವವಳಲ್ಲ. ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಹಾಗೆ ಕ್ಯಾಲೆಂಡರ್ ನೋಡುತ್ತ ಕೂತವರು ಇನ್ನೂ ಯಾರಾದರೂ ಇದ್ದರೆ, ಅವರ ಪಕ್ಕದ ಬೆಂಚಿನಲ್ಲಿ ನಾನೂ ಕೂತಿದ್ದೆ ಎಂದು ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರಗಳನ್ನು ಮಗಳು ಭಾರತಿ ತಿದ್ದಿದ್ದಾಳೆ. ಮಾತು ನನ್ನದೇ.

ಹುಟ್ಟಿದ್ದು ಆಂಧ್ರದ ಗಡಿಯ ಮಡಕಶಿರದ ಕಡೆ, ಅಮರಾಪುರಕ್ಕೆ ಹತ್ತಿರದ ಒಂದು ಹಳ್ಳಿ. ಕುರಿ ಸಾಕುವ ಮನೆ. ಹದಿನಾಲ್ಕನೇ ವಯಸ್ಸಿಗೆ ಕುರಿ ಬಿಟ್ಟು ರಾಯದುರ್ಗಕ್ಕೆ ಬಂದೆ. ಜೀನ್ಸ್ ಪ್ಯಾಂಟಿಗೆ ಗುಂಡಿ ಹಚ್ಚುವುದರಿಂದ ಶುರು ಮಾಡಿ, ಜೇಬು, ಝಿಪ್ಪು, ಸೊಂಟಪಟ್ಟಿ ಎಲ್ಲ ಕಲಿತು, ಮೂವತ್ತು ತುಂಬುವುದರೊಳಗೆ ಕಟಿಂಗ್ ಮಾಸ್ಟರ್ ಆದೆ. ಉದ್ದ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಕರೆಂಟಿನ ಕತ್ತಿಯನ್ನು ನಡೆಸಿಕೊಂಡು ಹೋಗುವುದು ನನ್ನ ಕೆಲಸ. ಕೈ ಒಂದು ನೂಲಿನಷ್ಟು ಜರುಗಿದರೆ ಎಂಬತ್ತು ಪ್ಯಾಂಟು ಒಟ್ಟಿಗೆ ಹಾಳು. ನನ್ನ ಕೈಯಲ್ಲಿ ಒಂದೂ ಹಾಳಾಗಲಿಲ್ಲ. ಓಣಿಯಲ್ಲಿ ನನ್ನ ಹೆಸರು ಈರಣ್ಣ ಎಂದು ಬಹಳ ಜನಕ್ಕೆ ಗೊತ್ತೇ ಇಲ್ಲ. ಎಲ್ಲರಿಗೂ 'ಮಾಸ್ಟರ್'.

ಕತ್ತರಿಸಿ ಉಳಿದ ಚಿಂದಿ ಕಟಿಂಗ್ ಮಾಸ್ಟರನಿಗೆ ಸೇರಬೇಕು. ನಮ್ಮ ಹೊಲಿಗೆ ಯೂನಿಟ್ಟಿನ ಪದ್ಧತಿ ಅದು. ಬೇರೆಯವರು ಕೇಳಿ ಒಯ್ಯುತ್ತಾರೆ, ಮಾಸ್ಟರ್ ಕೇಳದೆ ಒಯ್ಯುತ್ತಾನೆ. ಸಂಜೆ ಸೈಕಲ್ಲಿನ ಹಿಂದೆ ನೀಲಿ ಚಿಂದಿಯ ಮೂಟೆ ಕಟ್ಟಿಕೊಂಡು ಬರುವುದು ನನಗೊಂದು ಮರ್ಯಾದೆಯಾಗಿತ್ತು. ಅದೇ ಚಿಂದಿಯಿಂದ ಬಚ್ಚಲಿನ ಹಂಡೆಗೆ ಉರಿ. ಜೀನ್ಸ್ ಚಿಂದಿ ಸೌದೆಯ ಹಾಗೆ ಭಗ್ಗೆಂದು ಉರಿಯುವುದಿಲ್ಲ. ಒಳಗೊಳಗೇ ಕೆಂಡವಾಗುತ್ತ, ದಪ್ಪ ಹೊಗೆ ಬಿಡುತ್ತ, ಗಂಟೆಗಟ್ಟಲೆ ಕಾವು ಕೊಡುತ್ತದೆ. ಸುಟ್ಟ ಕೂದಲಿನ ಹಾಗೊಂದು ವಾಸನೆ. ಆ ವಾಸನೆಗೆ ನಮ್ಮ ಓಣಿಯ ಮೂಗುಗಳು ಒಗ್ಗಿಹೋಗಿವೆ. ಈ ಮಾತು ನೆನಪಿರಲಿ.

ಇನ್ನು ಸೊಪ್ಪಿನ ವಿಷಯ. ಗಾಂಜಾ ಅನ್ನುವುದಕ್ಕೆ ನಮ್ಮ ಬಾಯಲ್ಲಿ ಅದೇ ಹೆಸರು. ಬಟ್ಟೆ ತೊಳೆಯುವ ಶೆಡ್ಡಿನಲ್ಲಿ ಕೆಲಸ ಮಾಡುವ ಗೆಳೆಯ ಓಬಳೇಶ ಒಂದು ಭಾನುವಾರ ಕೋಟೆಬೆಟ್ಟಕ್ಕೆ ಕರೆದುಕೊಂಡು ಹೋದ. ದಿನವಿಡೀ ಬಗ್ಗಿ ಕತ್ತರಿಸಿ ನನ್ನ ಬೆನ್ನು ಹಲಗೆಯಾಗಿತ್ತು. ಮಷೀನಿನ ಸದ್ದು ರಜೆಯ ದಿನವೂ ಕಿವಿಯೊಳಗೆ ಓಡುತ್ತಿತ್ತು. "ಎರಡ ದಮ್ಮು ಎಳಿಯಲೇ ಮಾಸ್ಟರ್, ನಿನ್ ಮಷೀನ್ ಬಂದ್ ಆಗ್ತೈತಿ" ಅಂದ.

ಬಂದ್ ಆಯಿತು. ಬಂಡೆಯ ಮೇಲೆ ಒರಗಿಕೊಂಡು ಕೆಳಗೆ ನೋಡಿದರೆ ಊರು ತೇಲುತ್ತಿತ್ತು. ಮಾಳಿಗೆಗಳ ಮೇಲೆ ಒಣಹಾಕಿದ ಪ್ಯಾಂಟುಗಳು ಸಣ್ಣ ಸಣ್ಣ ಕೆರೆಗಳ ಹಾಗೆ ಕಂಡವು. ನಮ್ಮ ಸೀಮೆಯಲ್ಲಿ ಎಂದೂ ತುಂಬದ ಕೆರೆಗಳೆಲ್ಲ ಅವತ್ತು ಮಾಳಿಗೆ ಏರಿ ತುಂಬಿ ನಿಂತಿದ್ದವು. ರೈಲೊಂದು ಬಂತು. ಅದು ಸ್ಟೇಷನ್ನು ಮುಟ್ಟುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಕಳೆಯಿತು ಅನ್ನಿಸಿತು, ಆದರೂ ಬೇಸರವಾಗಲಿಲ್ಲ. ಅದರಿಂದ ನನಗೆ ಸುಖ ಸಿಕ್ಕಿತು. ಇದನ್ನು ಮುಚ್ಚಿಟ್ಟರೆ ಈ ಬರಹವೂ ಇನ್ನೊಂದು ಸುಳ್ಳಾಗುತ್ತದೆ. ಮೊದಲ ಎರಡು ವರ್ಷ ನಾನು ಚೆನ್ನಾಗಿಯೇ ಇದ್ದೆ. ಮಗಳ ಮೇಲೆ ರೇಗುವುದು ಕಡಿಮೆಯಾಯಿತು. ಊಟ ರುಚಿಸಿತು. ಸುಂಕಮ್ಮನೇ "ಈಗೀಗ ನೀವು ನಗ್ತೀರಿ ನೋಡ್ರಿ" ಅಂದಿದ್ದಳು.

ಆಮೇಲೆ ಭಾನುವಾರ ನಿಧಾನವಾಗಿ ಸೋಮವಾರದೊಳಗೆ ಇಳಿಯಿತು. ಸೋಮವಾರದಿಂದ ಮಂಗಳವಾರಕ್ಕೆ. ಬೆಳಿಗ್ಗೆ ಕತ್ತಿ ಹಿಡಿಯುವ ಮುಂಚೆ ಎರಡು ದಮ್ಮು ಇಲ್ಲದಿದ್ದರೆ ಗೆರೆ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಆದರೂ ಇದು ಚಟ ಅನ್ನುವ ಯೋಚನೆ ನನಗೆ ಬರಲಿಲ್ಲ. ಚಟ ಅಂದರೆ ಕುಡಿದು ಗಟಾರದಲ್ಲಿ ಬೀಳುವುದು, ಹೆಂಡತಿಗೆ ಹೊಡೆಯುವುದು, ಕೆಲಸ ತಪ್ಪಿಸುವುದು. ನಾನು ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ. ನನ್ನದು ಔಷಧಿ ಅಂದುಕೊಂಡಿದ್ದೆ. ಅಷ್ಟು ಧಿಮಾಕು ಇತ್ತು ನನಗೆ. ಆ ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ನನಗೆ ಕನಸು ಬೀಳುವುದು ನಿಂತುಹೋಗಿತ್ತು. ನಿಂತದ್ದೇ ನನಗೆ ಗೊತ್ತಾಗಿರಲಿಲ್ಲ. ದೀಪ ಆರಿಸಿದ ಹಾಗೆ ನಿದ್ದೆ, ದೀಪ ಹಚ್ಚಿದ ಹಾಗೆ ಎಚ್ಚರ.

ಒಂದು ದಿನ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಟ್ಟುಕೊಂಡವನು ಹಾಗೇ ಎದ್ದು ಬಚ್ಚಲಿಗೆ ಓಡಿದೆ. ಮೂರು ದಿನ ವಾಂತಿ. ನೀರು ಕುಡಿದರೆ ನೀರು, ಏನೂ ಕುಡಿಯದಿದ್ದರೆ ಹಸಿರು ಪಿತ್ತ. ನಾಲ್ಕನೇ ದಿನ ತಾನಾಗಿ ನಿಂತಿತು. ತಿಂಗಳು ಕಳೆದು ಮತ್ತೆ ಬಂತು. ಆಮೇಲೆ ಹದಿನೈದು ದಿನಕ್ಕೊಮ್ಮೆ. ನನ್ನ ಸೊಂಟದ ಅಳತೆ ಮೂವತ್ತಾರರಿಂದ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ನನ್ನ ಪ್ಯಾಂಟುಗಳನ್ನು ನಾನೇ ಬಿಚ್ಚಿ ಹೊಲಿದುಕೊಂಡೆ. ಹೊಲಿಯುವಾಗ ಬೇರೆ ಯಾರದೋ ಬಟ್ಟೆ ಸಣ್ಣದು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಓಣಿಯವರೆಲ್ಲ ಸೇರಿ ಕಾಯಿಲೆಗೆ ಹೆಸರಿಟ್ಟರು: ನೀಲಿ. ಜೀನ್ಸಿನ ದೂಳು ವರ್ಷಗಟ್ಟಲೆ ಮೂಗು ಬಾಯಿಯಿಂದ ಇಳಿದು ಹೊಟ್ಟೆಯಲ್ಲಿ ಗಡ್ಡೆ ಕಟ್ಟಿದೆ ಅಂತ. ನಾವು ಸಂಜೆ ಉಗಿದರೆ ಉಗುಳು ನೀಲಿಯಾಗಿರುವುದು ನಿಜ, ಆದ್ದರಿಂದ ಎಲ್ಲರೂ ನಂಬಿದರು. ದೂಳಿಗೆ ಬೆಲ್ಲ ಮದ್ದು ಎನ್ನುವುದು ನಮ್ಮ ಕೆಲಸದವರ ನಂಬಿಕೆ. ಬಂದವರೆಲ್ಲ ಒಂದೊಂದು ಅಚ್ಚು ಬೆಲ್ಲ ತಂದರು. ತಿಂದೆ, ಕಕ್ಕಿದೆ. ಹೊಟ್ಟೆ ತೊಳಸುವುದಕ್ಕೆ ನನಗೆ ನಾನೇ ಕೊಟ್ಟುಕೊಂಡ ಮದ್ದು ಮಾತ್ರ ಬೇರೆ. ಎರಡು ದಮ್ಮು ಹೆಚ್ಚು.

ಬಿಸಿನೀರಿನ ಗುಟ್ಟು ತಿಳಿದದ್ದು ಆಕಸ್ಮಿಕವಾಗಿ. ಒಂದು ದಿನ ಮೈಯೆಲ್ಲ ಹೊಲಸಾಗಿದ್ದಾಗ ಸುಂಕಮ್ಮ ಬಚ್ಚಲಲ್ಲಿ ಕೂರಿಸಿ ಹಂಡೆಯ ನೀರು ಹಾಕಿದಳು. ಎರಡನೇ ಚೆಂಬಿಗೇ ಹೊಟ್ಟೆಯೊಳಗೆ ಹಿಂಡುತ್ತಿದ್ದ ಕೈ ಹಿಡಿತ ಸಡಿಲಿಸಿತು. ಅದು ದೇವರೇ ನೀರು ಹಾಕಿದ ಹಾಗಿತ್ತು. ಹಬೆ ಸೂರು ಮುಟ್ಟಿ ಹನಿಯಾಗಿ ಮತ್ತೆ ನನ್ನ ಮೇಲೇ ಬೀಳುತ್ತಿತ್ತು. ಗೋಡೆ, ಬಾಗಿಲು, ನನ್ನ ಕೈಕಾಲು ಎಲ್ಲ ಕರಗಿ, ಬೆಚ್ಚಗಿನ ಬಿಳಿ ಮೋಡದೊಳಗೆ ಬರೀ ನನ್ನ ಉಸಿರು ಉಳಿಯುತ್ತಿತ್ತು. ಹೊರಗಿನಿಂದ ಸುಂಕಮ್ಮ, "ಸಾಕೇನ್ರಿ?" ಅನ್ನುತ್ತಿದ್ದಳು. "ಇನ್ನೊಂದ್ ಹಂಡೆ" ಅನ್ನುತ್ತಿದ್ದೆ. ನೀರು ತಣ್ಣಗಾದ ಕೂಡಲೇ ಹೊಟ್ಟೆ ಮತ್ತೆ ಹಿಂಡುತ್ತಿತ್ತು.

ದಿನಕ್ಕೆ ಆರು ಸ್ನಾನ. ನಡು ಮಧ್ಯಾಹ್ನ ನಮ್ಮ ಬಚ್ಚಲಿನ ಮೇಲೆ ನೀಲಿ ಹೊಗೆ ಎದ್ದರೆ ಓಣಿಗೆಲ್ಲ ಸುದ್ದಿ: ಮಾಸ್ಟರಿಗೆ ಮತ್ತೆ ಶುರುವಾಯಿತು. ಎದುರುಮನೆಯ ಮುದುಕಿ ಈರಮ್ಮತ್ತೆ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು: "ಏನೇ ಸುಂಕಿ, ನಿನ್ ಗಂಡ ಹಡದಾನೇನ? ಬಾಣಂತಿಗೆ ಎರದಂಗ ಎರಿಯಾಕತ್ತೀ!"

"ಹ್ಞೂಂ ಅತ್ತಿ, ಗಂಡು ಮಗ. ಬಾ, ತೊಟ್ಲಿಗ ಹಾಕ ಬಾ" ಎಂದು ಸುಂಕಮ್ಮ ಉರಿ ಊದುತ್ತಲೇ ಜವಾಬು ಕೊಡುತ್ತಿದ್ದಳು. ಚಿಂದಿಯ ಹೊಗೆಗೆ ಅವಳ ಕಣ್ಣು ಸದಾ ಕೆಂಪು.

ಈಗ ನಾಚಿಕೆಯ ಮಾತು. ಆ ಬಚ್ಚಲಿನಲ್ಲೇ, ಆ ಹಬೆಯಲ್ಲೇ, ಬಾಗಿಲು ಹಾಕಿಕೊಂಡು ನಾನು ಸೇದುತ್ತಿದ್ದೆ. ಹೊರಗೆ ಅವಳು ಒಲೆ ಊದುವಳು, ಒಳಗೆ ನಾನು ದಮ್ಮು ಎಳೆಯುವೆ. ನನ್ನ ಹೊಗೆ ಅವಳ ಹೊಗೆಯೊಳಗೆ ಕೂಡಿಕೊಂಡು ಓಣಿಯ ಮೇಲೆ ಹೋಗುವುದು. ಯಾರ ಮೂಗಿಗೂ ಗೊತ್ತಾಗಲಿಲ್ಲ.

ಬಳ್ಳಾರಿಯ ಆಸ್ಪತ್ರೆಗಳಲ್ಲಿ ಕಾಯುವುದನ್ನು ಕಲಿತೆ. ಟೋಕನ್ ಹಿಡಿದು ಕೂತರೆ ಫ್ಯಾನಿನ ಕೆಳಗೆ ಎಲ್ಲರೂ ನೀರೊಳಗೆ ಕೂತವರ ಹಾಗೆ ಕಾಣುತ್ತಾರೆ, ಮಾತು ದೂರದಿಂದ ಬರುತ್ತದೆ. ಒಮ್ಮೆ ತಡೆಯಲಾಗದೆ ಬಾಯಿಗೆ ಕೈ ಒತ್ತಿ ಎದ್ದೆ. ಬಚ್ಚಲು ಎಲ್ಲಿದೆಯೋ ತಿಳಿಯದು. ಪಕ್ಕದಲ್ಲಿ ಕೂತಿದ್ದ, ಮುಖವೂ ಸರಿಯಾಗಿ ನೋಡಿರದ ಹೆಂಗಸೊಬ್ಬಳು ತನ್ನ ತರಕಾರಿಯ ಕವರನ್ನು ಮಡಿಲಿಗೆ ಸುರಿದುಕೊಂಡು, ಖಾಲಿ ಕವರನ್ನು ನನ್ನ ಬಾಯಿಗೆ ಹಿಡಿದಳು. ಮುಖ ತಿರುಗಿಸಲಿಲ್ಲ. ಎಲ್ಲ ಮುಗಿದ ಮೇಲೆ, "ಆತಪ್ಪಾ, ಹೋತು, ಕುಂದ್ರು" ಅಂದಳು. ಅವಳ ಮಡಿಲಲ್ಲಿ ಹಸಿ ಬದನೆಕಾಯಿ ಇದ್ದವು. ಡಾಕ್ಟರು ಕೊಟ್ಟ ಗುಳಿಗೆಗಳ ಹೆಸರು ಮರೆತಿದ್ದೇನೆ, ಆ ಬದನೆಕಾಯಿ ಮರೆತಿಲ್ಲ.

ಹೊಟ್ಟೆಯೊಳಗೆ ಪೈಪು ಬಿಟ್ಟು ನೋಡಿದರು. ರಕ್ತ ನೋಡಿದರು. ಕೊನೆಗೊಂದು ಸ್ಕ್ಯಾನಿನಲ್ಲಿ ಪಿತ್ತಕೋಶದಲ್ಲಿ ಸಣ್ಣ ಕಲ್ಲು ಕಂಡಿತು. "ಇದೇ ಇರಬೇಕು, ಚೀಲ ತೆಗೆದುಬಿಡೋಣ" ಅಂದರು. ಅನಂತಪುರದ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ದಿನ ಗೊತ್ತಾಯಿತು. ಸುಂಕಮ್ಮ ಬಸ್ಸು ಹತ್ತಿ ನೇಮಕಲ್ಲಿಗೆ ಹೋಗಿ ಆಂಜನೇಯನಿಗೆ ಹರಕೆ ಕಟ್ಟಿಕೊಂಡಳು. ನಾನು ಎದ್ದು ಓಡಾಡುವವರೆಗೆ ಶನಿವಾರ ಅನ್ನ ಮುಟ್ಟುವುದಿಲ್ಲ ಅಂತ.

ನನಗೆ ಒಳಗೊಳಗೆ ಅನುಮಾನವಿತ್ತು. ಸೊಪ್ಪಿಗೂ ಈ ವಾಂತಿಗೂ ಏನೋ ನಂಟಿದೆ ಅಂತ ಒಂದೆರಡು ಸಲ ಅನ್ನಿಸಿತ್ತು. ಕಾಯಿಲೆ ಜೋರಾಗಿ ಸೇದಲಾಗದೆ ಮಲಗಿದ ನಾಲ್ಕನೇ ದಿನ ತಾನಾಗಿ ನಿಲ್ಲುತ್ತಿತ್ತಲ್ಲ. ಆದರೆ ಅದನ್ನು ಡಾಕ್ಟರಿಗೆ ಹೇಳಬೇಕಾದರೆ ಸುಂಕಮ್ಮನ ಮಾತನ್ನು ಅವಳ ಎದುರಿಗೇ ಮುರಿಯಬೇಕು. ಹೊಟ್ಟೆ ಕೊಯ್ಯಿಸಿಕೊಳ್ಳುವುದು ಅದಕ್ಕಿಂತ ಸುಲಭ ಅನ್ನಿಸಿತು. ಸುಳ್ಳಲ್ಲ, ಹಾಗೇ ಅನ್ನಿಸಿತು.

ಆಪರೇಷನ್ ದಿನ ಬೆಳಿಗ್ಗೆ ಹೊಟ್ಟೆ ಬೋಳಿಸಿದರು. ಒಬ್ಬ ಯುವಕ ಪೆನ್ನಿನಿಂದ ಹೊಟ್ಟೆಯ ಬಲಗಡೆ ಗುರುತು ಹಾಕಿದ. ತಲೆ ಎತ್ತಿ ನೋಡಿಕೊಂಡೆ. ಗೆರೆ ಸೊಟ್ಟಗಿತ್ತು. ಎಂಬತ್ತು ಪದರಕ್ಕೆ ಹೀಗೆ ಗೆರೆ ಎಳೆದರೆ ನಾನು ಯಾರನ್ನೂ ಮೇಜಿನ ಹತ್ತಿರ ಬಿಡುತ್ತಿರಲಿಲ್ಲ. ನಗು ಬಂತು. ಜೀವನವಿಡೀ ಗೆರೆ ಎಳೆದವನು ಇವತ್ತು ನಾನೇ ಮೇಜಿನ ಮೇಲೆ ಹಾಸಿಕೊಂಡಿದ್ದೆ.

ಆಗ ಆಪರೇಷನ್ನಿಗೆ ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಬಂದರು. ಸಣ್ಣ ವಯಸ್ಸು. ನರ ಹುಡುಕಲು ನನ್ನ ಕೈ ಹಿಡಿದವರು ತೋಳು, ಹೊಟ್ಟೆ, ಬೆನ್ನು ತಿರುಗಿಸಿ ನೋಡಿದರು. ಚರ್ಮ ಅಲ್ಲಲ್ಲಿ ಕೆಂಪಾಗಿ, ಬಲೆ ಹಾಕಿದ ಹಾಗೆ ಕಂದಿಹೋಗಿತ್ತು.

"ಇದೇನು, ಸುಟ್ಟಿದ್ದಾ?"

ಸುಂಕಮ್ಮ ಮುಂದೆ ಬಂದಳು. "ಬಿಸಿನೀರ್ರಿ ಮೇಡಂ. ದಿನಕ್ಕ ಆರ್ ಸಲ ಎರ್ಕಂತಾರ. ಬೆಳಿಗ್ಗಿ ಇಲ್ಲಿ ಬಿಸಿನೀರಿನ ನಳಕ್ಕೂ ಹೋಗಿ ಎರ್ಕಂಡ್ ಬಂದಾರ. ಒಂದ್ ಚಟ ಇಲ್ರಿ ನಮ್ಮನಿಯವ್ರಿಗೆ, ಬೀಡಿ ಇಲ್ಲ, ಕುಡಿಯೋದಿಲ್ಲ..."

ಡಾಕ್ಟರಮ್ಮ ಅವಳ ಮಾತು ಪೂರ್ತಿ ಕೇಳಿದರು. ಒಂದು ಚೀಟಿ ಬರೆದು, "ಕೆಳಗೆ ಹೋಗಿ ಈ ಹತ್ತಿ ಪಟ್ಟಿ ತಗೊಂಡು ಬಾಮ್ಮ" ಎಂದು ಕಳಿಸಿದರು. ಅವಳು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ತೆಲುಗಿನಲ್ಲಿ ಕೇಳಿದರು. "ವೇಡಿ ನೀಳ್ಳು ಪೋಸುಕುಂಟೇ ವಾಂತುಲು ತಗ್ಗುತಾಯಾ?" ಬಿಸಿನೀರು ಹಾಕಿಕೊಂಡರೆ ವಾಂತಿ ಕಡಿಮೆಯಾಗುತ್ತದಾ ಅಂತ.

ಹೌದು ಅಂದೆ.

"ಗಾಂಜಾ ಎಷ್ಟು ವರ್ಷ ಆಯ್ತು?"

ಸೇದುತ್ತೀಯಾ ಎಂದು ಕೇಳಲಿಲ್ಲ. ಎಷ್ಟು ವರ್ಷ ಎಂದು ಕೇಳಿದರು. ಆದರೂ ಬಾಯಿಗೆ ರೂಢಿಯಾಗಿದ್ದ ಮಾತೇ ಬಂತು. "ಇಲ್ಲ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ನಾನು ಪೊಲೀಸ್ ಅಲ್ಲ. ಇವತ್ತು ನಿನ್ನ ನಿದ್ದೆ ನನ್ನ ಕೈಲಿದೆ. ಕಾಗದದಲ್ಲಿ ಕಟಿಂಗ್ ಮಾಸ್ಟರ್ ಅಂತ ಬರೆಸಿದ್ದೀಯ. ನಿನಗೆ ಯಾರಾದರೂ ಸುಳ್ಳು ಅಳತೆ ಕೊಟ್ಟರೆ ಏನಾಗುತ್ತೆ?"

"ಬಟ್ಟೆ ಹಾಳಾಗ್ತದೆ."

"ಮತ್ತೆ?"

ಕಿಟಕಿಯ ಹೊರಗೆ ಒಂದು ಹೊಂಗೆ ಮರ ಗಾಳಿಗೆ ಅಲ್ಲಾಡುತ್ತಿತ್ತು. ಅದರ ಎಲೆಗಳನ್ನು ಒಂದೊಂದಾಗಿ ನೋಡಿದೆ. ಆಮೇಲೆ, "ಏಳು ವರ್ಷ" ಅಂದೆ. ಗಂಟಲಿನಿಂದ ಹೊರಬಿದ್ದದ್ದು ಅಷ್ಟು ದಿನ ವಾಂತಿಯಲ್ಲೂ ಬಾರದ ವಸ್ತು.

ಅವರು ಬೈಯಲಿಲ್ಲ. "ಕನಸು ಬೀಳ್ತಾವಾ?" ಎಂದು ಕೇಳಿದರು. ಆಗಲೇ ನನಗೆ ಹೊಳೆದದ್ದು, ಇಲ್ಲ ಅಂತ. ಅವರು ದೊಡ್ಡ ಡಾಕ್ಟರನ್ನು ಕರೆದು ಬಹಳ ಹೊತ್ತು ಮಾತಾಡಿದರು. ಮರಳಿ ಬಂದು ಹೇಳಿದರು: "ಕಲ್ಲು ಸಣ್ಣದು, ಇರಲಿ. ವರ್ಷಗಟ್ಟಲೆ ಗಾಂಜಾ ಸೇದಿದ ಕೆಲವರಿಗೆ ಹೀಗೇ ವಾಂತಿ ಬರ್ತದೆ, ಬಿಸಿನೀರಿಗೆ ಮಾತ್ರ ತಗ್ಗುತ್ತೆ. ಮೊದಲು ಸೊಪ್ಪು ಪೂರ್ತಿ ಬಿಡು. ಸ್ವಲ್ಪ ಕಡಿಮೆ ಮಾಡೋದು ಅಲ್ಲ, ಪೂರ್ತಿ. ಬಿಟ್ಟರೆ ವಾಂತಿ ನಿಲ್ಲುತ್ತೆ ಅಂತ ನನಗೆ ಅನ್ನಿಸ್ತದೆ. ಬಿಡದಿದ್ದರೆ ಹೊಟ್ಟೆ ಕೊಯ್ದರೂ ನಿಲ್ಲಲ್ಲ. ನಿನ್ನ ಹೆಂಡತಿಗೆ ನಾನು ಹೇಳಲ್ಲ. ಹೇಳೋನು ನೀನು."

ಸುಂಕಮ್ಮ ಹತ್ತಿಯ ಪಟ್ಟಿ ಹಿಡಿದು ಏದುಸಿರು ಬಿಡುತ್ತ ಬಂದಳು. ಸೆರಗಿನ ಗಂಟಿನಲ್ಲಿ ನೇಮಕಲ್ಲಿನ ಕುಂಕುಮ.

"ಆಪರೇಷನ್ ಇಲ್ಲಂತೆ" ಅಂದೆ.

"ಯಾಕ? ಏನ್ ಆತ್ರಿ? ರಕ್ತ ಕಡಿಮಿ ಐತಂತಾ?"

"ಸುಂಕಿ, ನಾನು ಸೊಪ್ಪು ಸೇದ್ತೀನಿ. ಏಳು ವರ್ಷದಿಂದ. ಅದರಿಂದಲೇ ಇದು."

ಅವಳು ಮೊದಲು ನಕ್ಕಳು. ನನಗೆ ಜ್ವರ ತಲೆಗೇರಿದೆ ಅಂದುಕೊಂಡಿರಬೇಕು. ನನ್ನ ಮುಖ ನೋಡಿ ನಗು ನಿಂತಿತು. ಹಾಸಿಗೆಯ ತುದಿಯಲ್ಲಿ ಕೂತಳು. ಹತ್ತಿಯ ಪಟ್ಟಿಯನ್ನು ಮಡಿಲಲ್ಲಿ ಸುತ್ತಿದಳು, ಬಿಚ್ಚಿದಳು.

"ಎಲ್ಲಿ ಸೇದ್ತಿದ್ದಿ?"

"ಬಚ್ಚಲದಾಗ."

"ನಾ ಒಲಿ ಊದಾಗ?"

ಹೂಂ ಅಂದೆ.

"ಆರ್ ಮಂದಿ ಡಾಕ್ಟರ್ ಮುಂದ ಹೇಳೀನಿ ನಾನು. ಇವತ್ತಿಗೆ ಏಳು" ಅಂದಳು. ಅಷ್ಟೇ. ರಾಯದುರ್ಗದ ಬಸ್ಸು ಹತ್ತಿದೆವು. ಕಲ್ಯಾಣದುರ್ಗದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಒಂದು ಎಳನೀರು ತಂದು ನನ್ನ ಕೈಗಿಟ್ಟಳು, ಮುಖ ಮಾತ್ರ ಕಿಟಕಿಯ ಕಡೆ. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ, ಹಂಡೆಯಲ್ಲಿದ್ದ ನೀರು ಚೆಲ್ಲಿ, ಅದನ್ನು ಬೋರಲು ಹಾಕಿದಳು. ಆ ಸದ್ದು ಓಣಿಗೆಲ್ಲ ಕೇಳಿಸಿತು. ಈರಮ್ಮತ್ತೆ ಕಟ್ಟೆಯಿಂದ ಎದ್ದು ಒಳಗೆ ಹೋದಳು.

ಊರಲ್ಲಿದ್ದರೆ ಬಿಡಲಾಗದು ಎಂದು ನನಗೇ ಗೊತ್ತಿತ್ತು. ಎರಡು ಬಸ್ಸು ಬದಲಿಸಿ ಅಮರಾಪುರದ ಕಡೆ ನನ್ನ ಅಕ್ಕ ಕರಿಯಮ್ಮನ ಮನೆಗೆ ಹೋದೆ. ಸುಂಕಮ್ಮ ಮೊದಲೇ ಫೋನು ಮಾಡಿ ಎಲ್ಲ ಹೇಳಿದ್ದಳು. ಅಕ್ಕ ಕುರಿಹಟ್ಟಿಯ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿದಳು.

"ಏನ್ಲಾ ಈರ, ಒಣಗಿದ ತೊಗರಿಕಡ್ಡಿ ಆಗಿದ್ದೀಯಲ್ಲೋ. ಬಾ. ಇಲ್ಲಿ ಬಿಸಿನೀರು ಗಿಸಿನೀರು ಕಾಯ್ಸಾಕಿಲ್ಲ ಕಣ್ಲಾ, ಮೊದ್ಲೇ ಹೇಳಿವ್ನಿ. ಬಾವಿ ತಾವ ಹೋಗಿ ಮೈ ತೊಳ್ಕೊ."

ಬಿಟ್ಟ ದಿನಗಳನ್ನು ಹೇಗೆ ಹೇಳುವುದು? ಬೆವರು. ಕಾರಣವಿಲ್ಲದ ಸಿಟ್ಟು. ಕುರಿಮರಿ ಅರಚಿದರೂ ಅಳು. ನಾಲ್ಕನೇ ದಿನ ಹೊಟ್ಟೆ ಮತ್ತೆ ಹಿಂಡಿತು. ನಾನು ಅಕ್ಕನ ಕಾಲು ಹಿಡಿದೆ, ಒಂದೇ ಒಂದು ಬಕೀಟು ಬಿಸಿನೀರು ಕೊಡು ಅಂತ. ನಲವತ್ತೆರಡು ವರ್ಷದ ಗಂಡಸು, ಎಂಬತ್ತು ಪದರ ಕತ್ತರಿಸುವವನು. ಅವಳು ನೀರು ಕೊಡಲಿಲ್ಲ. ತೀರಿಕೊಂಡ ನಮ್ಮಪ್ಪನ ಹಳೆಯ ಕರಿ ಕಂಬಳಿ ತಂದು, ತಲೆಯಿಂದ ಕಾಲಿನವರೆಗೆ ಸುತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಬಂಡೆಗೆ ಒರಗಿಸಿ ಕೂರಿಸಿದಳು. ಮರಿ ಹಾಕಿ ಸೋತ ಕುರಿಯನ್ನು ನಾವು ಹಾಗೇ ಬಿಸಿಲಿಗೆ ಕೂರಿಸುವುದು. ಕಂಬಳಿಯೊಳಗೆ ಬಿಸಿಲು ನಿಧಾನವಾಗಿ ತುಂಬಿತು. ಉಣ್ಣೆಯ ವಾಸನೆ, ಅಪ್ಪನ ವಾಸನೆ. ಅಕ್ಕ ಪಕ್ಕದಲ್ಲೇ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. "ಒದ್ದಾಡು, ಒದ್ದಾಡು. ನಾನೇನ್ ಎದ್ದು ಹೋಗಾಕಿಲ್ಲ" ಅಂದಳು.

ಅಲ್ಲೇ ಕಣ್ಣು ಹತ್ತಿತು. ಅಲ್ಲೇ, ಎಷ್ಟೋ ವರ್ಷದ ಮೇಲೆ, ಕನಸು ಬಿತ್ತು.

ಕೋಟೆಬೆಟ್ಟದ ಕೆಳಗೆ ಊರಿಲ್ಲ, ಬರೀ ನೀಲಿ ಬಟ್ಟೆ, ದಿಗಂತದವರೆಗೆ ಹಾಸಿದೆ. ನಾನು ಗೆರೆ ಎಳೆಯುತ್ತೇನೆ. ಗೆರೆ ನಿಲ್ಲದೆ ಎದ್ದು ನಡೆಯುತ್ತದೆ. ನೋಡಿದರೆ ಅದು ಬಿಳಿ ಕುರಿಗಳ ಸಾಲು. ಮುಂದೆ ಅಪ್ಪ ಹೋಗುತ್ತಿದ್ದಾನೆ. "ಕತ್ತರಿಸಬ್ಯಾಡ, ಬಟ್ಟೆ ನೋಯ್ತದೆ" ಅನ್ನುತ್ತಾನೆ. ಎಚ್ಚರವಾದಾಗ ಕಂಬಳಿ ಒದ್ದೆಯಾಗಿತ್ತು. ಅಕ್ಕ ಇನ್ನೂ ಕಡಲೆಕಾಯಿ ಬಿಡಿಸುತ್ತಿದ್ದಳು.

"ಅಪ್ಪ ಬಂದಿದ್ದ" ಅಂದೆ.

"ನಂಗೆ ವಾರಕ್ಕೊಂದ್ ದಪ ಬತ್ತಾನೆ. ನಿನ್ ವಿಳಾಸ ಸಿಕ್ಕಿರ್ಲಿಲ್ಲ ಅಂತ ಕಾಣ್ತದೆ" ಅಂದಳು.

ಆಮೇಲೆ ಕನಸುಗಳು ನಿಲ್ಲಲೇ ಇಲ್ಲ. ವರ್ಷಗಟ್ಟಲೆ ಹೊರಗೆ ಕಾದು ನಿಂತಿದ್ದವೆಲ್ಲ ಒಟ್ಟಿಗೆ ಬಾಗಿಲು ತಳ್ಳಿಕೊಂಡು ಬಂದ ಹಾಗೆ. ಕೆಲವು ಹೆದರಿಸಿದವು. ಕೆಲವನ್ನು ಹಿಡಿದಿಟ್ಟುಕೊಳ್ಳಬೇಕು ಅನ್ನಿಸಿತು. ಹೊಂಗೆಯ ನೆರಳಲ್ಲಿ ಕುರಿಗಳು ಮೆಲುಕು ಹಾಕುವ ಹೊತ್ತಿನಲ್ಲಿ ನಾನೂ ಅವುಗಳ ನಡುವೆ ಮಲಗಿ, ಯಾವುದು ನಿದ್ದೆ ಯಾವುದು ಎಚ್ಚರ ತಿಳಿಯದೆ ದಿನ ಕಳೆದೆ. ಹನ್ನೆರಡನೇ ದಿನ ರಾಗಿ ಮುದ್ದೆ, ಹುರುಳಿಸಾರು ಹೊಟ್ಟೆಯಲ್ಲಿ ನಿಂತಿತು. ಅದು ನಿಂತಿತು ಎಂದು ನಂಬಲು ಸಂಜೆಯವರೆಗೆ ಅಲ್ಲಾಡದೆ ಕೂತಿದ್ದೆ.

ಓಬಳೇಶ ಫೋನು ಮಾಡಿದ್ದ. "ನಿನ್ನ ಹೊಟ್ಟಿ ಮುದ್ದಿ ಉಂಡ್ ಬೆಳದದ್ದಲೇ ಮಾಸ್ಟರ್, ದಮ್ಮಿಗೆ ತಾಳಂಗಿಲ್ಲ. ನಂದು ನೋಡು, ಕಬ್ಬಿಣ." ಅವನಿಗೆ ಏನೂ ಆಗಿಲ್ಲ, ನಿಜ. ಅದೇ ಸೊಪ್ಪು, ಅದೇ ಬಂಡೆ. ಯಾಕೆ ಹೀಗೆ ಎಂದು ಡಾಕ್ಟರಮ್ಮನಿಗೂ ಪೂರ್ತಿ ಗೊತ್ತಿಲ್ಲವಂತೆ. ನಾನು ಅವನ ಮೇಲೆ ಸಿಟ್ಟಾಗಿಲ್ಲ. ಎರಡು ವರ್ಷ ಅದು ನನಗೆ ಕೊಟ್ಟದ್ದನ್ನೂ ಇಲ್ಲ ಅನ್ನುವುದಿಲ್ಲ. ಕೊಡುವುದು ಯಾವತ್ತು ನಿಲ್ಲಿಸಿತು, ಯಾವತ್ತು ತೆಗೆದುಕೊಳ್ಳಲು ಶುರು ಮಾಡಿತು ಅನ್ನುವುದೇ ನನಗೆ ಕಾಣಿಸಲಿಲ್ಲ. ನೂಲಿನಷ್ಟು ಗೆರೆ ಕಾಣುವ ಕಣ್ಣಿಗೆ ಅದೊಂದು ಗೆರೆ ಕಾಣಲಿಲ್ಲ.

ಎರಡು ತಿಂಗಳಾದ ಮೇಲೆ ಮರಳಿ ಬಂದೆ. ಸುಂಕಮ್ಮ ಊಟ ಬಡಿಸುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. ಶನಿವಾರದ ಉಪವಾಸ ಬಿಟ್ಟಿರಲಿಲ್ಲ. "ನಾನು ಓಡಾಡ್ತಿದ್ದೀನಲ್ಲ, ಹರಕೆ ಮುಗೀತಲ್ಲ" ಎಂದು ಒಮ್ಮೆ ಕೇಳಿದೆ. "ಅದು ನಂದೂ ಆಂಜನೇಯಂದೂ ಮಾತು" ಅಂದಳು. ಯೂನಿಟ್ಟಿನಲ್ಲಿ ಮೊದಲ ದಿನ ಕತ್ತಿ ಹಿಡಿಯುವ ಮುಂಚೆ ಗೆರೆಯನ್ನು ಮೂರು ಸಲ ಅಳೆದೆ. ಎಂಬತ್ತು ಪದರ ಆಗಲಿಲ್ಲ, ಇಪ್ಪತ್ತೇ ಹಾಸಿಸಿದೆ. "ಮಾಸ್ಟರ್ ಬಾಳ ನಿಧಾನ ಆಗೀರಿ" ಎಂದು ಮಾಲೀಕರು ಅಂದರು. ಹೌದು, ಆಗಿದ್ದೇನೆ. ಈಗಲೂ ಅರವತ್ತು ಪದರ ದಾಟಿಲ್ಲ. ಭಾನುವಾರ ಮಧ್ಯಾಹ್ನ ಉದ್ದವಾಗಿ, ಬೋಳಾಗಿ ಬಿದ್ದುಕೊಳ್ಳುತ್ತದೆ. ಒಮ್ಮೆ ಒಬ್ಬನೇ ಕೋಟೆಬೆಟ್ಟಕ್ಕೆ ಹೋಗಿ ಕೂತೆ. ಮಾಳಿಗೆಯ ಮೇಲೆ ಕೆರೆಗಳಿರಲಿಲ್ಲ. ಪ್ಯಾಂಟುಗಳೇ ಇದ್ದವು. ಬಹಳ ಹೊತ್ತು ನೋಡಿದೆ, ಅವುಗಳಲ್ಲಿ ಕೆಲವು ನಾನೇ ಕತ್ತರಿಸಿದವು ಎಂದು ಗುರುತು ಸಿಕ್ಕಿತು. ಅಷ್ಟಕ್ಕೇ ಇಳಿದು ಬಂದೆ.

ಒಂದು ಶನಿವಾರ ಬೆಳಿಗ್ಗೆ ಬಚ್ಚಲಿನ ಕಡೆಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಹಂಡೆ ಮತ್ತೆ ನೆಟ್ಟಗೆ ನಿಂತಿತ್ತು, ಕೆಳಗೆ ಚಿಂದಿಯ ಕೆಂಡ. "ಭಾರತಿ ತಲಿಗೆ ಎಣ್ಣಿ ಹಚ್ಚೀನಿ, ಅದಕ್ಕ ಹಚ್ಚಿದ್ದು" ಅಂದಳು ಸುಂಕಮ್ಮ, ನನ್ನ ಕಡೆ ನೋಡದೆ. ಮಗಳ ಸ್ನಾನವಾದ ಮೇಲೆ ಬಚ್ಚಲ ಬಾಗಿಲಲ್ಲಿ ಒಂದು ಬಕೀಟು ಇಟ್ಟಳು. "ಒಂದ ಬಕೀಟು. ಬಾಗ್ಲಾ ಹಾಕ್ಕಬ್ಯಾಡ."

ಬಾಗಿಲು ಹಾಕಿಕೊಳ್ಳಲಿಲ್ಲ. ನೀರು ಬಿಸಿಯಾಗಿತ್ತು. ಅಷ್ಟೇ, ಬಿಸಿನೀರು. ಮೈ ತೊಳೆದುಕೊಂಡು ಎದ್ದು ಬಂದೆ.

ಹೋದ ತಿಂಗಳು ಅನಂತಪುರಕ್ಕೆ ತೋರಿಸಲು ಹೋದೆವು. ಅದೇ ಆಸ್ಪತ್ರೆ, ಅದೇ ಬೆಂಚು, ಗೋಡೆಗೆ ಹೊಸ ಕ್ಯಾಲೆಂಡರ್. ಹೊಸದಾಗಿ ಬಂದ ನರ್ಸೊಬ್ಬಳು ಕಾಗದ ಹಿಡಿದು, ಹೆಸರು ವಯಸ್ಸು ಬರೆದುಕೊಂಡು, ತಲೆ ಎತ್ತದೆ ಕೇಳಿದಳು. "ಅಲವಾಟ್ಲು ಏಮೈನಾ ಉನ್ನಾಯಾ?" ಚಟ ಏನಾದರೂ ಇದೆಯಾ?

ಸುಂಕಮ್ಮನ ಕೊರಳು ರೂಢಿಯಂತೆ ಮೇಲೆದ್ದಿತು. "ನಮ್ಮನಿಯವ್ರಿಗೆ..." ಎಂದು ಬಾಯಿ ತೆರೆದವಳು ಅಲ್ಲೇ ನಿಂತಳು. ನಿಧಾನವಾಗಿ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

ನಾನು ಆ ಕ್ಯಾಲೆಂಡರನ್ನು ಬಲ್ಲೆ. ಅಲ್ಲಿ ಅವಳನ್ನು ಕೂರಿಸಿ ನೋಡುವುದು ನನ್ನಿಂದಾಗಲಿಲ್ಲ.

"ಇತ್ತಮ್ಮ" ಅಂದೆ. "ಗಾಂಜಾ. ಏಳು ವರ್ಷ ಸೇದಿದೆ. ಬಿಟ್ಟು ನಾಲ್ಕು ತಿಂಗಳಾಯಿತು."

ಬೆಂಚಿನಲ್ಲಿ ಕೂತಿದ್ದ ನಾಲ್ಕೈದು ತಲೆಗಳು ನನ್ನ ಕಡೆ ತಿರುಗಿದವು. ಕಿವಿ ಬಿಸಿಯಾಯಿತು. ನರ್ಸು ಬರೆದುಕೊಳ್ಳಲು ಬಗ್ಗಿದಳು. ಆಗ ಸುಂಕಮ್ಮ ಕ್ಯಾಲೆಂಡರಿನಿಂದ ಕಣ್ಣು ತೆಗೆದಳು.

"ನಾಕ್ ತಿಂಗ್ಳಾ ಹನ್ನೊಂದ್ ದಿನರೀ ಸಿಸ್ಟರ್" ಅಂದಳು, ಬೆಂಚಿನ ಕೊನೆಯವರೆಗೂ ಕೇಳುವ ಹಾಗೆ. "ನಮ್ಮನಿಯವ್ರದ್ದು ಸರಿಯಾಗಿ ಬರ್ಕೊಳ್ರಿ."

ಅವಳ ಕೊರಳು ಒಂದು ಬೆರಳಿನಷ್ಟು ಉದ್ದವಾಗಿತ್ತು.